ಅಮೆರಿಕದ ಹಳೇ ಮನೆತನದ ಬೇರು ಹುಡುಕುವುದು ಹೇಗೆ: 1950ರಿಂದ 1620ರ ತನಕ ಕಾಗದದ ಜಾಡು

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಈಗ ಸೊಸೆ ಮ್ಯಾಸಚೂಸೆಟ್ಸ್‌ನವಳು, ಅಳಿಯ ವರ್ಜೀನಿಯಾದವನು ಅನ್ನುವುದು ಹೊಸ ಸುದ್ದಿಯೇನಲ್ಲ. "ನಮ್ಮ ಹಿರಿಯರು 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದವರು" ಎಂದು ಬೀಗರು ಊಟದ ಹೊತ್ತಿಗೆ ಹೇಳುತ್ತಾರೆ. ಮೊಮ್ಮಕ್ಕಳಿಗೆ ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳುತ್ತಾರೆ. ನಮ್ಮ ಕಡೆಯದು ಮುತ್ತಜ್ಜನ ಹೆಸರಿಗೇ ನಿಂತುಹೋಗುತ್ತದೆ. ಅವರ ಕಡೆಯದು ಎಷ್ಟು ಹಿಂದಕ್ಕೆ ಹೋಗುತ್ತದೆ, ಆ ಮಾತು ನಿಜವೇ, ಅದನ್ನು ಪರೀಕ್ಷಿಸುವುದು ಹೇಗೆ?

ಪರೀಕ್ಷಿಸಲು ಸಾಧ್ಯ ಇದೆ. 1607ರಲ್ಲಿ ವರ್ಜೀನಿಯಾದಲ್ಲಿ ಇಂಗ್ಲಿಷರ ಜೇಮ್ಸ್‌ಟೌನ್ ಎಂಬ ನೆಲೆ ಶುರುವಾದಾಗಿನಿಂದ, 1776ರಲ್ಲಿ ಸ್ವಾತಂತ್ರ್ಯ ಸಾರುವ ತನಕ, ಅಲ್ಲಿನ 13 ಬ್ರಿಟಿಷ್ ವಸಾಹತುಗಳ ಜನ ಎಷ್ಟೋ ಕಾಗದ ಬಿಟ್ಟುಹೋಗಿದ್ದಾರೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸ ಕೈಕೊಡುವುದು ಬಹಳ ಸಲ ಜನನ ದಾಖಲೆಗಾಗಿ ಕಾಯುತ್ತಾ ಕೂತಾಗ. ಆ ಕಾಲದ ಬಹಳ ಮಂದಿಯ ಜನನ ಎಲ್ಲೂ ದಾಖಲಾಗಿಲ್ಲ. ಇವನು ಇಂಥವನ ಮಗ ಎಂದು ಗಟ್ಟಿಯಾಗಿ ಹೇಳುವುದು ಜಮೀನಿನ ಕಾಗದ, ವಿಲ್ಲು, ಸಾಲದ ಲೆಕ್ಕ, ಪಿಂಚಣಿ ಅರ್ಜಿ. ದುಡ್ಡು ಇದ್ದಲ್ಲಿ ದಾಖಲೆ ಇರುತ್ತದೆ.

1. ಇವತ್ತಿನಿಂದ ಹಿಂದಕ್ಕೆ ಬನ್ನಿ

ಮೇಫ್ಲವರ್‌ನಿಂದ ಶುರುಮಾಡಿ ಕೆಳಕ್ಕೆ ಇಳಿಯಬೇಡಿ. 1620ರಲ್ಲಿ ಆ ಹಡಗಿನಲ್ಲಿ ಬಂದವರು 102 ಜನ. ಮೊದಲ ಚಳಿಗಾಲದಲ್ಲೇ ಸುಮಾರು ಅರ್ಧ ಜನ ಸತ್ತರು. ಉಳಿದವರ ಸಂತತಿ ಇವತ್ತು ಲಕ್ಷಗಟ್ಟಲೆ ಇದೆ ನಿಜ, ಆದರೆ ಅದೇ ಅಡ್ಡಹೆಸರಿನ ಬೇರೆ ಮನೆತನಗಳೂ ಅಷ್ಟೇ ಇವೆ. ಹೆಸರು ಒಂದೇ ಎಂದು ಸಂಬಂಧ ಹಚ್ಚಿದರೆ ಬೇರೆಯವರ ಅಜ್ಜನನ್ನು ಮನೆಗೆ ಕರೆತಂದ ಹಾಗಾಗುತ್ತದೆ.

ಖಚಿತವಾಗಿ ಗೊತ್ತಿರುವ ಅಜ್ಜಿಯಿಂದ ಶುರುಮಾಡಿ ಒಂದೊಂದೇ ತಲೆಮಾರು ಹಿಂದೆ ಹೋಗಿ. ಪ್ರತಿಯೊಬ್ಬರಿಗೂ ಹುಟ್ಟು, ಮದುವೆ, ಸಾವು ಬರೆದುಕೊಳ್ಳಿ. ಪಕ್ಕದಲ್ಲಿ ಇನ್ನೊಂದು ಸಾಲು ಇರಲಿ: ಇವರ ಅಪ್ಪ ಅಮ್ಮ ಇವರೇ ಎಂದು ಹೇಳುವ ಕಾಗದ ಯಾವುದು? ಆ ಸಾಲು ಖಾಲಿ ಇದ್ದರೆ ಮುಂದಿನ ತಲೆಮಾರಿಗೆ ಹೋಗಬೇಡಿ.

ಬೀಗರ ಮನೆಯಲ್ಲಿ ಹಳೇ ಬೈಬಲ್ ಇದೆಯೇ ಕೇಳಿ. ಅದರೊಳಗಿನ ಕೆಲವು ಹಾಳೆಗಳಲ್ಲಿ ಮನೆಯವರ ಹುಟ್ಟು ಸಾವು ಬರೆದಿಡುವ ರೂಢಿ ಇತ್ತು. ಸಿಕ್ಕಿದರೆ ಹೆಸರುಗಳಿಗಿಂತ ಮೊದಲು ಮುಖಪುಟ ನೋಡಿ, ಅದು ಅಚ್ಚಾದ ವರ್ಷ ಯಾವುದು ಎಂದು. 1840ರಲ್ಲಿ ಅಚ್ಚಾದ ಬೈಬಲ್‌ನಲ್ಲಿ 1765ರಿಂದ ಹಿಡಿದು ಹತ್ತು ಮಕ್ಕಳ ಹುಟ್ಟು ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ ಇದ್ದರೆ, ಯಾರೋ ಒಂದೇ ದಿನ ಕೂತು ನೆನಪಿನಿಂದ ಬರೆದದ್ದು. ಸುಳ್ಳು ಅಂತಲ್ಲ. ಆದರೆ ಹುಟ್ಟಿದ ದಿನ ಬರೆದದ್ದಕ್ಕೆ ಇರುವ ಬೆಲೆ ಅದಕ್ಕಿಲ್ಲ.

ಆಮೇಲೆ ಜನಗಣತಿ. ಅಮೆರಿಕದ ಗಣತಿಯ ಹಾಳೆಗಳು 72 ವರ್ಷ ಮುಚ್ಚಿರುತ್ತವೆ. 1950ರದ್ದು 2022ರ ಏಪ್ರಿಲ್‌ನಲ್ಲಿ ತೆರೆಯಿತು. ಅಲ್ಲಿಂದ ಹತ್ತತ್ತು ವರ್ಷ ಹಿಂದಕ್ಕೆ ಹೋಗಿ. 1900ರ ಗಣತಿ ಹುಟ್ಟಿದ ತಿಂಗಳು, ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು ಎಂದೂ ಹೇಳುತ್ತದೆ. 1890ರದ್ದು ಬಹುಪಾಲು ಇಲ್ಲ, 1921ರಲ್ಲಿ ವಾಷಿಂಗ್ಟನ್‌ನ ಕಟ್ಟಡಕ್ಕೆ ಬೆಂಕಿ ಬಿದ್ದು ಹಾಳಾಯಿತು. ಯಜಮಾನನಿಗೆ ಇವರು ಏನಾಗಬೇಕು ಎಂಬ ಕಲಂ ಬಂದದ್ದು 1880ರಲ್ಲಿ. ಇವೆಲ್ಲ ಫ್ಯಾಮಿಲಿಸರ್ಚ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಒಂದು ಖಾತೆ ತೆರೆದರೆ ಸಾಕು. ದುಡ್ಡು ಕೇಳುವ ಆನ್ಸೆಸ್ಟ್ರಿ ತಾಣವನ್ನು ಅಲ್ಲಿನ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂತು ಬಿಟ್ಟಿಯಾಗಿ ನೋಡಬಹುದು. ಮೊದಲ ದಿನವೇ ಕಾರ್ಡ್ ಉಜ್ಜಬೇಡಿ.

ಜನನ ಮರಣ ಪ್ರಮಾಣಪತ್ರ ಎಲ್ಲ ರಾಜ್ಯದಲ್ಲೂ ಒಂದೇ ಸಲ ಶುರುವಾಗಲಿಲ್ಲ. ಮ್ಯಾಸಚೂಸೆಟ್ಸ್ 1841ರಿಂದ ರಾಜ್ಯಮಟ್ಟದಲ್ಲಿ ಇಟ್ಟಿದೆ. ಪೆನ್ಸಿಲ್ವೇನಿಯಾ 1906ರಿಂದ, ಸೌತ್ ಕ್ಯಾರೊಲಿನಾ 1915ರಿಂದ. ನಿಮ್ಮವರು ಸೌತ್ ಕ್ಯಾರೊಲಿನಾದವರಾಗಿದ್ದು 1880ರ ಜನನ ಪ್ರಮಾಣಪತ್ರ ಹುಡುಕುತ್ತಿದ್ದರೆ ಸುಮ್ನೆ ಹೊತ್ತು ಕಳೆಯುತ್ತೀರಿ.

2. 1850ರ ಗೋಡೆ

ಇಲ್ಲಿಯ ತನಕ ದಾರಿ ಸುಲಭ. ಮನೆಯಲ್ಲಿದ್ದ ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರು ಬರೆದ ಮೊದಲ ಗಣತಿ 1850ರದ್ದು. 1790ರಿಂದ 1840ರ ತನಕ ಯಜಮಾನನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಕಲಮಿನಲ್ಲಿ ಬರೀ ಸಂಖ್ಯೆ. ಹೆಂಡತಿ ಒಂದು ಅಂಕಿ, ಮಕ್ಕಳು ನಾಲ್ಕೋ ಐದೋ ಅಂಕಿ. ಅದರ ಮೇಲೆ 1790ರ ವರ್ಜೀನಿಯಾ, ನ್ಯೂಜೆರ್ಸಿ, ಡೆಲವೇರ್, ಜಾರ್ಜಿಯಾದ ಹಾಳೆಗಳು ಉಳಿದೂ ಇಲ್ಲ.

ಕಷ್ಟ ಬರುವುದು 1780 ಮತ್ತು 1850ರ ನಡುವೆ. 1700ಕ್ಕಿಂತ ಈ ಕಾಲವೇ ಕತ್ತಲು ಅಂದರೆ ನಂಬುವುದು ಕಷ್ಟ ಅಲ್ವಾ? ಕಾರಣ ಸರಳ. ಕನೆಕ್ಟಿಕಟ್‌ನ ಹಳೇ ಊರಿನಲ್ಲಿ ಗುಮಾಸ್ತ ಎಲ್ಲ ಬರೆದಿಡುತ್ತಿದ್ದ. ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಮಕ್ಕಳೆಲ್ಲ ಜಮೀನು ಹುಡುಕಿಕೊಂಡು ನ್ಯೂಯಾರ್ಕ್‌ನ ಒಳನಾಡಿಗೆ, ಒಹಾಯೊಗೆ ಹೊರಟರು. ಅಲ್ಲಿ ಕಾಡು ಕಡಿಯುವುದೇ ಕೆಲಸ, ಬರೆಯುವವರು ಯಾರು? ದಕ್ಷಿಣದವರು ಫಿಲಡೆಲ್ಫಿಯಾದಿಂದ ಶೆನಂಡೋವಾ ಕಣಿವೆಯ ಗಾಡಿದಾರಿ ಹಿಡಿದು ಕ್ಯಾರೊಲಿನಾಕ್ಕೆ ಇಳಿದರು. 1775ರಲ್ಲಿ ಡೇನಿಯಲ್ ಬೂನ್ ಕಡಿದ ದಾರಿಯಲ್ಲಿ ಕೆಂಟಕಿಗೆ ಹೋದರು. 1825ರಲ್ಲಿ ನ್ಯೂಯಾರ್ಕ್‌ನಿಂದ ಪಶ್ಚಿಮಕ್ಕೆ ದೋಣಿಯಲ್ಲೇ ಹೋಗಲು ಈರಿ ಕಾಲುವೆ ತೆರೆದ ಮೇಲಂತೂ ಕೇಳಬೇಡಿ.

ಆದರೆ ಯಾರೂ ಒಂಟಿಯಾಗಿ ಹೋಗಲಿಲ್ಲ. ಭಾವ, ಷಡ್ಡಕ, ಬೀಗರು, ಅದೇ ಚರ್ಚಿನ ನಾಲ್ಕು ಮನೆ ಒಟ್ಟಿಗೆ ಗಾಡಿ ಕಟ್ಟಿದವು. ಹಾಗಾಗಿ ನಿಮ್ಮವನು ಎಲ್ಲಿಂದ ಬಂದ ಎಂದು ಗೊತ್ತಾಗದಿದ್ದರೆ ಅವನನ್ನು ಬಿಟ್ಟು ಅಕ್ಕಪಕ್ಕದವರನ್ನು ಹಿಡಿಯಿರಿ. 1820ರ ಗಣತಿಯಲ್ಲಿ ಅವನ ಮೇಲೆ ಹತ್ತು, ಕೆಳಗೆ ಹತ್ತು ಹೆಸರು ಬರೆದುಕೊಳ್ಳಿ. ಅವನ ಜಮೀನಿನ ಪತ್ರಕ್ಕೆ ಸಾಕ್ಷಿ ಹಾಕಿದವರು, ಮದುವೆಗೆ ಜಾಮೀನು ನಿಂತವರು ಯಾರು ನೋಡಿ. ಅವರಲ್ಲಿ ಮೂವರು ಕನೆಕ್ಟಿಕಟ್‌ನ ಒಂದೇ ಊರಿನವರು ಎಂದು ತಿಳಿದರೆ, ಆ ಊರಿನ ಪುಸ್ತಕ ತೆರೆಯಲು ಅಷ್ಟೇ ಸಾಕು.

3. ಊರಿನ ಗಡಿ ಯಾವ ವರ್ಷ ಎಲ್ಲಿತ್ತು

ದಾಖಲೆ ಇರುವುದು ಆಗಿನ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕಚೇರಿಯಲ್ಲಿ, ಈಗಿನ ಕೌಂಟಿಯಲ್ಲಿ ಅಲ್ಲ. 1738ರಲ್ಲಿ ಹುಟ್ಟಿದ ವರ್ಜೀನಿಯಾದ ಆಗಸ್ಟಾ ಕೌಂಟಿ ಕಾಗದದ ಮೇಲೆ ಮಿಸಿಸಿಪ್ಪಿ ನದಿಯ ತನಕ ಚಾಚಿತ್ತು. ಅದನ್ನು ಹರಿದು ಹರಿದು ಎಷ್ಟೋ ಕೌಂಟಿ ಮಾಡಿದರು. ಹೊಸ ಕೌಂಟಿ ಆದಾಗ ಹಳೇ ಪುಸ್ತಕ ಹಳೇ ಕಚೇರಿಯಲ್ಲೇ ಉಳಿಯುತ್ತಿತ್ತು. ಮನುಷ್ಯ ಅದೇ ಮನೆಯಲ್ಲಿ ಕೂತಿದ್ದರೂ ಅವನ ಕಾಗದ ಮೂರು ಊರಿನಲ್ಲಿ ಇರಬಹುದು. ಮೇನ್ ರಾಜ್ಯ 1820ರ ತನಕ ಮ್ಯಾಸಚೂಸೆಟ್ಸ್‌ನ ಭಾಗ. ವೆಸ್ಟ್ ವರ್ಜೀನಿಯಾ ಬೇರೆಯಾದದ್ದು 1863ರಲ್ಲಿ. ಶಿಕಾಗೊದ ನ್ಯೂಬೆರ್ರಿ ಗ್ರಂಥಾಲಯ ಕೌಂಟಿ ಗಡಿಗಳ ಐತಿಹಾಸಿಕ ಅಟ್ಲಾಸ್ ಮಾಡಿದೆ. ಹುಡುಕಾಟಕ್ಕೆ ಮೊದಲು ಅದರಲ್ಲಿ ವರ್ಷ ಹಾಕಿ ಗಡಿ ನೋಡಿಕೊಳ್ಳಿ.

4. ಆಸ್ತಿ ಕಾಗದ: ಇಲ್ಲಿ ಜಾಸ್ತಿ ಹೊತ್ತು ಕೊಡಿ

ನಿಜವಾದ ಕೆಲಸ ಇಲ್ಲಿದೆ. ಆ ಕಾಲದಲ್ಲಿ ಭೂಮಿ ಸುಮಾರಾಗಿ ಎಲ್ಲರ ಕೈಯಲ್ಲೂ ಇತ್ತು, ಹಾಗಾಗಿ ಕ್ರಯಪತ್ರವೂ ಇತ್ತು. ಮಾರಿದವರ ಸೂಚಿ ಒಂದು, ಕೊಂಡವರ ಸೂಚಿ ಒಂದು, ಹೀಗೆ ಎರಡು ಪಟ್ಟಿ ಇರುತ್ತವೆ. ನಿಮ್ಮವನ ಹೆಸರು ಮಾತ್ರ ನೋಡಬೇಡಿ. ಆ ಕೌಂಟಿಯಲ್ಲಿ ಆ ಅಡ್ಡಹೆಸರಿನವರ ಎಲ್ಲ ಪತ್ರ ಓದಿ. ಮ್ಯಾಸಚೂಸೆಟ್ಸ್‌ನಲ್ಲಿ ಪತ್ರಗಳು ಕೌಂಟಿಯಲ್ಲಿವೆ. ಕನೆಕ್ಟಿಕಟ್, ರೋಡ್ ಐಲೆಂಡ್, ವರ್ಮಾಂಟ್‌ನಲ್ಲಿ ಊರಿನ ಗುಮಾಸ್ತನ ಬಳಿ.

ಓದುವಾಗ ಏನು ಗಮನಿಸಬೇಕು? ಹೊಸ ಊರಿನಲ್ಲಿ ಅವನು ಕೊಂಡ ಮೊದಲ ಜಮೀನಿನ ಪತ್ರ ಬಹಳ ಮುಖ್ಯ. ಅದರಲ್ಲಿ ಅವನನ್ನು "ಇಂಥ ಊರಿನ ಇಂಥವನು" ಎಂದು ಕರೆದಿರುತ್ತಾರೆ, ಕೊಳ್ಳುವಾಗ ಅವನು ಇನ್ನೂ ಹಳೇ ಊರಿನವನೇ. ಹಾಗೆಯೇ ಹಳೇ ಊರಿನಲ್ಲಿ ಮಾರಿದ ಕೊನೆಯ ಪತ್ರದಲ್ಲಿ ಹೊಸ ಊರಿನ ಹೆಸರು ಸಿಗುವುದುಂಟು. ಬೆಲೆಯ ಜಾಗದಲ್ಲಿ ಪ್ರೀತಿ ವಿಶ್ವಾಸಕ್ಕಾಗಿ ಎಂದು ಬರೆದಿದ್ದರೆ ಅದು ಬಹುಮಟ್ಟಿಗೆ ಮಗನಿಗೋ ಅಳಿಯನಿಗೋ ಕೊಟ್ಟದ್ದು. ಚೆಕ್ಕುಬಂದಿಯಲ್ಲಿ ಬರುವ ನಾಲ್ಕು ಕಡೆಯ ಹೆಸರುಗಳನ್ನು ಬಿಡಬೇಡಿ, ಅದರಲ್ಲಿ ಅಣ್ಣನೋ ಮಾವನೋ ಇರುತ್ತಾನೆ. ಗಂಡ ಮಾರುವಾಗ ಹೆಂಡತಿ ತನ್ನ ಹಕ್ಕು ಬಿಟ್ಟುಕೊಟ್ಟು ಗುರುತು ಹಾಕುತ್ತಾಳೆ, ಅವಳ ಹೆಸರು ಸಿಗುತ್ತದೆ. 1752ರ ಪತ್ರದಲ್ಲಿ ಹ್ಯಾನಾ, 1758ರದ್ದರಲ್ಲಿ ಮೇರಿ ಎಂದಿದ್ದರೆ ನಡುವೆ ಒಂದು ಸಾವು, ಒಂದು ಮದುವೆ ಆಗಿದೆ. ಹಾಗಾದರೆ ಯಾವ ಮಗು ಯಾವ ತಾಯಿಯದು?

ಅಪ್ಪ ಸತ್ತ ಕೂಡಲೇ ಎಲ್ಲ ಮುಗಿಯಿತು ಎಂದು ಪುಸ್ತಕ ಮುಚ್ಚಬೇಡಿ. ವಿಧವೆಗೆ ಸಾಮಾನ್ಯವಾಗಿ ಮೂರನೇ ಒಂದು ಭಾಗ ಜಮೀನು ಬದುಕಿರುವ ತನಕ ಅನುಭವಿಸಲು ಸಿಗುತ್ತಿತ್ತು. ಅವಳು ಇಪ್ಪತ್ತು ಮೂವತ್ತು ವರ್ಷ ಬಾಳಿದರೆ ಅದರ ಹಂಚಿಕೆ ಆಮೇಲೆ. ಆಗ ಎಲ್ಲ ಮಕ್ಕಳು, ಅಳಿಯಂದಿರು, ಸತ್ತ ಮಗಳ ಮಕ್ಕಳು ಒಟ್ಟಿಗೆ ಸಹಿ ಹಾಕಿ ಮಾರುತ್ತಾರೆ. ಹೆಣ್ಣುಮಕ್ಕಳ ಗಂಡನ ಮನೆ ಹೆಸರು, ಊರು ಎಲ್ಲ ಒಂದೇ ಪುಟದಲ್ಲಿ. ಒಂದು ಮನೆತನದ ಬಗ್ಗೆ ಇದಕ್ಕಿಂತ ಒಳ್ಳೇ ಕಾಗದ ಇಲ್ಲ. ಅದು ಅಪ್ಪನ ಸಾವಿನ ವರ್ಷದ ಆಸುಪಾಸಿನಲ್ಲಿ ಇರುವುದಿಲ್ಲವಾದ್ದರಿಂದ ಹೆಚ್ಚಿನವರ ಕಣ್ಣಿಗೆ ಬೀಳುವುದೂ ಇಲ್ಲ.

ವರ್ಜೀನಿಯಾದ ವಿಷಯದಲ್ಲಿ ಇನ್ನೊಂದು ಕಿವಿಮಾತು. ಅಲ್ಲಿ ವಿಲ್ಲು ಇಲ್ಲದೆ ಸತ್ತರೆ ಜಮೀನೆಲ್ಲ ಹಿರಿಯ ಮಗನಿಗೆ, 1785ರಲ್ಲಿ ಕಾನೂನು ಬದಲಾಗುವ ತನಕ. ಹಿರಿಯ ಮಗನ ಕೈಗೆ ಹೀಗೆ ಬಂದ ಭೂಮಿಗೆ ಯಾವ ಪತ್ರವೂ ಇರುವುದಿಲ್ಲ. ಹಾಗಾಗಿ ಒಬ್ಬ ತಾನು ಎಂದೂ ಕೊಳ್ಳದ ಜಮೀನು ಮಾರುತ್ತಿದ್ದಾನೆ ಎಂದರೆ ಅದು ಹಿಂದೆ ಯಾರದಾಗಿತ್ತು ಹುಡುಕಿ. ಅವನ ಅಪ್ಪ ಸಿಗುವ ಸಾಧ್ಯತೆ ಜಾಸ್ತಿ. ಮ್ಯಾಸಚೂಸೆಟ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಎಲ್ಲ ಮಕ್ಕಳಿಗೂ ಪಾಲು, ಹಿರಿಯನಿಗೆ ಎರಡು ಪಾಲು.

ವಿಲ್ಲು ಓದುವಾಗ ಅದರಲ್ಲಿ ಹೆಸರಿಲ್ಲದವರು ಮಕ್ಕಳೇ ಅಲ್ಲ ಎಂದುಕೊಳ್ಳಬೇಡಿ. ಮೊದಲೇ ಪಾಲು ಕೊಟ್ಟು ಕಳಿಸಿದ ಮಗನ ಹೆಸರು ಇರದೇ ಇರಬಹುದು. ವಿಲ್ಲು ಆ ಕಡತದ ಒಂದು ಹಾಳೆ ಮಾತ್ರ. ಅದರ ಹಿಂದೆ ಅರ್ಜಿ, ಜಾಮೀನು ಪತ್ರ, ಸಾಲಗಾರರ ಲೆಕ್ಕ, ಹಂಚಿಕೆ, ಮೈನರ್ ಮಕ್ಕಳಿಗೆ ಗಾರ್ಡಿಯನ್ ನೇಮಿಸಿದ ಆದೇಶ ಇರುತ್ತವೆ. 14 ತುಂಬಿದ ಮಗು ತನ್ನ ಗಾರ್ಡಿಯನ್‌ನನ್ನು ತಾನೇ ಆರಿಸಿಕೊಳ್ಳಬಹುದಿತ್ತು. ಆರಿಸಿಕೊಂಡಿದ್ದರೆ ವಯಸ್ಸು 14ರಿಂದ 21ರ ನಡುವೆ ಎಂದು ಗೊತ್ತಾಯಿತು. ಮನೆಯ ಸಾಮಾನಿನ ಪಟ್ಟಿಯನ್ನಂತೂ ಆಸೆಯಿಂದ ಓದಿ. ಗರಿ ತುಂಬಿದ ಹಾಸಿಗೆ, ಕಬ್ಬಿಣದ ಮಡಕೆ, ತವರದ ತಟ್ಟೆ, ಒಂದು ಮುದಿ ಹೆಣ್ಣು ಕುದುರೆ, ಪ್ರತಿಯೊಂದಕ್ಕೂ ಪೌಂಡು ಶಿಲ್ಲಿಂಗಿನಲ್ಲಿ ಬೆಲೆ. ಮಗ್ಗ ಇದ್ದರೆ ಮನೆಯಲ್ಲಿ ನೇಯುವವರಿದ್ದರು. ಪಟ್ಟಿ ಮಾಡಿದ ಮೂವರು ಸಾಮಾನ್ಯವಾಗಿ ನೆರೆಯವರು, ಅವರ ಹೆಸರೂ ಬರೆದುಕೊಳ್ಳಿ.

ಇಂಥ ಪುಸ್ತಕಗಳ ಚಿತ್ರ ಫ್ಯಾಮಿಲಿಸರ್ಚ್‌ನಲ್ಲಿ ರಾಶಿ ಇವೆ, ಆದರೆ ಎಷ್ಟಕ್ಕೋ ಸೂಚಿ ಇಲ್ಲ. ಹೆಸರು ಹಾಕಿ ಹುಡುಕಿ ಸಿಗಲಿಲ್ಲ ಎಂದು ಬಿಡಬೇಡಿ. ಕ್ಯಾಟಲಾಗ್‌ಗೆ ಹೋಗಿ ಕೌಂಟಿಯ ಹೆಸರು ಕೊಟ್ಟು, ಸಂಪುಟ ತೆರೆದು ಪುಟ ತಿರುವಿ. 2024ರಿಂದ ಅಲ್ಲಿ ಕಂಪ್ಯೂಟರೇ ಹಳೇ ಕೈಬರಹ ಓದಿ ಪೂರ್ತಿ ಪಠ್ಯದಲ್ಲಿ ಹುಡುಕುವ ಸೌಲಭ್ಯ ಬಂದಿದೆ. ಸಾಕ್ಷಿಯಾಗಿ, ನೆರೆಯವನಾಗಿ ಬಂದ ಹೆಸರೂ ಸಿಗುತ್ತದೆ. ಹಿಂದೆ ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದು. ಆದರೂ ಅದು ತಪ್ಪು ಓದುತ್ತದೆ, ಮೂಲದ ಚಿತ್ರ ತೆರೆದು ನೋಡದೆ ಒಪ್ಪಬೇಡಿ.

5. ಸ್ವಾತಂತ್ರ್ಯ ಯುದ್ಧದ ಪಿಂಚಣಿ ಫೈಲು

1850 ಮತ್ತು 1775ರ ನಡುವಿನ ಕಂದಕಕ್ಕೆ ಸೇತುವೆ ಇದ್ದರೆ ಅದು ಇದೇ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಇಂಥ ಸುಮಾರು 80,000 ಫೈಲುಗಳಿವೆ. 1800ರ ನವೆಂಬರ್‌ನಲ್ಲಿ ಯುದ್ಧ ಇಲಾಖೆಗೆ ಬೆಂಕಿ ಬಿದ್ದು ಅದಕ್ಕಿಂತ ಹಳೆಯ ಅರ್ಜಿಗಳು ಸುಟ್ಟುಹೋದವು. 1818 ಮತ್ತು 1832ರ ಕಾನೂನುಗಳ ಅಡಿ ಬಂದ ಅರ್ಜಿಗಳು ಇವೆ. 1832ರಲ್ಲಿ ಮುದಿ ಸಿಪಾಯಿಗಳನ್ನು ಕೋರ್ಟಿಗೆ ಕರೆಸಿ ಕೇಳಿದರು: ಎಲ್ಲಿ, ಯಾವ ವರ್ಷ ಹುಟ್ಟಿದೆ? ವಯಸ್ಸಿಗೆ ದಾಖಲೆ ಇದೆಯೇ? ಸೇನೆಗೆ ಸೇರುವಾಗ ಎಲ್ಲಿದ್ದೆ, ಆಮೇಲೆ ಎಲ್ಲೆಲ್ಲಿ ವಾಸ ಮಾಡಿದೆ? ವಂಶ ಹುಡುಕುವವನೇ ಕೂತು ಬರೆದ ಪ್ರಶ್ನೆಗಳೇನೋ ಅನಿಸುತ್ತದೆ.

1836ರಿಂದ ವಿಧವೆಯರಿಗೂ ದಾರಿ ತೆರೆಯಿತು. ಅವರು ಮದುವೆ ಆಗಿತ್ತು ಎಂದು ತೋರಿಸಬೇಕಿತ್ತು. ಪ್ರಮಾಣಪತ್ರ ಎಲ್ಲಿಂದ ತರುವುದು? ಮನೆಯ ಬೈಬಲ್‌ನ ಹಾಳೆಯನ್ನೇ ಹರಿದು ಅರ್ಜಿಗೆ ಲಗತ್ತಿಸಿದರು. ಆ ಹಾಳೆಗಳು ಈಗಲೂ ಆ ಫೈಲುಗಳಲ್ಲಿವೆ. ನಿಮ್ಮ ಹಿರಿಯನೇ ಸಿಪಾಯಿ ಆಗಿರಬೇಕಿಲ್ಲ. ಅವನ ಅಣ್ಣನ ಫೈಲಿನಲ್ಲೂ ಅಪ್ಪ ಅಮ್ಮನ ಹೆಸರು ಸಿಗಬಹುದು, ಏಕೆಂದರೆ ತಮ್ಮ ಬಂದು ಸಾಕ್ಷಿ ಹೇಳಿರುತ್ತಾನೆ.

6. ಒಂದೊಂದು ವಸಾಹತಿಗೆ ಒಂದೊಂದು ಪುಸ್ತಕ

ನ್ಯೂ ಇಂಗ್ಲೆಂಡಿನವರಾದರೆ, ಅಂದರೆ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಇರುವ ಈಶಾನ್ಯದ ಕಡೆಯವರಾದರೆ, ನಿಮ್ಮ ಪುಣ್ಯ. ಮ್ಯಾಸಚೂಸೆಟ್ಸ್‌ನಲ್ಲಿ 1639ರಲ್ಲೇ ಹುಟ್ಟು, ಮದುವೆ, ಸಾವು ಬರೆದಿಡಲು ಕಾನೂನಾಯಿತು. ಎಷ್ಟೋ ಊರುಗಳ 1850ರ ತನಕದ ದಾಖಲೆ ಅಚ್ಚಾಗಿದೆ. ಕನೆಕ್ಟಿಕಟ್‌ಗೆ ಬಾರ್ಬರ್ ಸಂಗ್ರಹ ಎಂಬ ಸೂಚಿ ಇದೆ. 1845ರಲ್ಲಿ ಬಾಸ್ಟನ್‌ನಲ್ಲಿ ಶುರುವಾದ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ 1620ರಿಂದ 1640ರ ನಡುವೆ ಬಂದವರನ್ನು ಒಬ್ಬೊಬ್ಬರಾಗಿ ಪರಿಶೀಲಿಸುವ ಗ್ರೇಟ್ ಮೈಗ್ರೇಷನ್ ಯೋಜನೆಯನ್ನೇ ನಡೆಸಿದೆ. ಆಗ ಬಂದವರು ಸುಮಾರು 20,000. ಆದರೆ ಅಚ್ಚಾದ ಪುಸ್ತಕದಲ್ಲಿ ಹೆಸರುಗಳು ಅಕಾರಾದಿ. ಮೂಲದಲ್ಲಿ ಒಂದೇ ಪುಟದಲ್ಲಿದ್ದ ಕುಟುಂಬ ಇಲ್ಲಿ ಚೆದುರಿಹೋಗಿರುತ್ತದೆ. ಮೂಲ ನೋಡಿ. ಚರ್ಚಿನಲ್ಲಿ ನಾಲ್ಕು ಮಕ್ಕಳಿಗೆ ಒಂದೇ ದಿನ ದೀಕ್ಷಾಸ್ನಾನ ಆಗಿದ್ದರೆ ಅವಳಿ ಜವಳಿ ಎಂದುಕೊಳ್ಳಬೇಡಿ. ಅಪ್ಪನೋ ಅಮ್ಮನೋ ಆ ದಿನ ಚರ್ಚಿಗೆ ಸೇರಿದರು, ಮಕ್ಕಳೆಲ್ಲ ಒಟ್ಟಿಗೆ ಹೋದರು, ಅಷ್ಟೇ. ಊರಿಗೆ ಬಡವರು ಹೊರೆಯಾಗಬಾರದು ಎಂದು ಹೊಸಬರಿಗೆ ಊರು ಬಿಡುವಂತೆ ನೋಟಿಸು ಕೊಡುತ್ತಿದ್ದರು. ಕ್ರೂರವೇ. ಆದರೆ ಆ ಪಟ್ಟಿಯಲ್ಲಿ ಹೆಂಡತಿ ಮಕ್ಕಳ ಹೆಸರು, ಎಲ್ಲಿಂದ ಬಂದರು ಎಂಬುದು ಇರುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಸಭೆಯ ನಡಾವಳಿ ಹುಡುಕಿ. ಅವರ ಮದುವೆ ಪತ್ರಕ್ಕೆ ಬಂದ ನೆಂಟರೆಲ್ಲ ಸಹಿ ಹಾಕುತ್ತಿದ್ದರು. ಊರು ಬಿಟ್ಟರೆ ಹಳೇ ಸಭೆಯಿಂದ ಹೊಸ ಸಭೆಗೆ ಪತ್ರ ಒಯ್ಯಬೇಕಿತ್ತು. ಹೊರಗಿನವರನ್ನು ಮದುವೆಯಾದರೆ ಸಭೆಯಿಂದ ಹೊರಗೆ, ಅದೂ ದಾಖಲೆಯಲ್ಲಿದೆ. ಫಿಲಡೆಲ್ಫಿಯಾದ ಬಳಿಯ ಸ್ವಾರ್ತ್‌ಮೋರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳಲ್ಲಿ ಇವು ಭದ್ರವಾಗಿವೆ. ಜರ್ಮನ್ನರಾದರೆ 1727ರಿಂದ ಫಿಲಡೆಲ್ಫಿಯಾದಲ್ಲಿ ಇಳಿದ ಗಂಡಸರು ಬ್ರಿಟಿಷ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಿದ ಪಟ್ಟಿಗಳಿವೆ. ವಸಾಹತು ಕಾಲದಲ್ಲಿ ಪ್ರಯಾಣಿಕರ ಪಟ್ಟಿಯೇ ಅಪರೂಪ, ದೇಶದ ಎಲ್ಲ ಬಂದರುಗಳಲ್ಲಿ ಕ್ರಮವಾಗಿ ಇಟ್ಟದ್ದು 1820ರಿಂದ. ನ್ಯೂಯಾರ್ಕ್‌ನಲ್ಲಿ ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ಎಲ್ಲಿಸ್ ದ್ವೀಪ ತೆರೆದದ್ದು 1892ರಲ್ಲಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಜರ್ಮನ್ ಅಣ್ಣತಮ್ಮಂದಿರು ಐದೂ ಜನ ಯೋಹಾನ್ ಆಗಿರಬಹುದು, ಕರೆಯುವ ಹೆಸರು ಎರಡನೆಯದು. ಝಿಮ್ಮರ್‌ಮನ್ ಎಂಬವನು ಮುಂದಿನ ದಾಖಲೆಯಲ್ಲಿ ಕಾರ್ಪೆಂಟರ್ ಆಗಿರುತ್ತಾನೆ, ಎರಡರ ಅರ್ಥವೂ ಬಡಗಿ.

ನ್ಯೂಯಾರ್ಕ್ 1664ರ ತನಕ ಡಚ್ಚರದು. ಅಲ್ಲಿ ಯಾನ್ ಪೀಟರ್ಸನ್ ಎಂದರೆ ಪೀಟರನ ಮಗ ಯಾನ್. ಅವನ ಮಗ ಹೆಂಡ್ರಿಕ್ ಯಾನ್ಸನ್. ನಮ್ಮ ಹೆಸರಿನ ಹಿಂದಿನ ಇನಿಷಿಯಲ್ ತಲೆಮಾರಿಗೊಮ್ಮೆ ಬದಲಾಗುವ ಹಾಗೆ. ಅಡ್ಡಹೆಸರು ಹಿಡಿದು ಹುಡುಕುವವರಿಗೆ ಇದು ತಲೆನೋವು. ಆದರೆ ಡಚ್ ಚರ್ಚಿನ ಪುಸ್ತಕದಲ್ಲಿ ತಾಯಿಯ ತವರಿನ ಹೆಸರು ಇರುತ್ತದೆ, ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿಯಾಗಿ ನಿಂತವರು ಸಾಮಾನ್ಯವಾಗಿ ಅಜ್ಜ ಅಜ್ಜಿ, ಸೋದರಮಾವ, ಅತ್ತೆ.

ವರ್ಜೀನಿಯಾ ಕಷ್ಟದ ಕಡೆ. ಚರ್ಚಿನ ಪುಸ್ತಕಗಳು ಉಳಿದದ್ದು ಕಡಿಮೆ. ಅಮೆರಿಕದ ಅಂತರ್ಯುದ್ಧದಲ್ಲಿ ಭದ್ರವಾಗಿರಲಿ ಎಂದು ರಾಜಧಾನಿ ರಿಚ್‌ಮಂಡ್‌ಗೆ ಕಳಿಸಿದ ಕೆಲವು ಕೌಂಟಿಗಳ ದಾಖಲೆ 1865ರ ಏಪ್ರಿಲ್‌ನ ಬೆಂಕಿಯಲ್ಲಿ ಹೋಯಿತು. ಒಬ್ಬ ಮನುಷ್ಯನನ್ನು ಕರೆತಂದರೆ 50 ಎಕರೆ ಭೂಮಿ ಎಂಬ ಪದ್ಧತಿ ಇದ್ದುದರಿಂದ ಭೂಮಿಯ ಸನದುಗಳಲ್ಲಿ ಬಂದವರ ಹೆಸರಿದೆ. ಲೈಬ್ರರಿ ಆಫ್ ವರ್ಜೀನಿಯಾ ಅವನ್ನು ಆನ್‌ಲೈನ್‌ಗೆ ಹಾಕಿದೆ. ಸನದಿನ ವರ್ಷವೇ ಬಂದ ವರ್ಷ ಅಲ್ಲ, ಎಷ್ಟೋ ವರ್ಷ ಬಿಟ್ಟು ಹಕ್ಕು ಕೇಳಿದವರಿದ್ದರು. 1782ರಿಂದ ಪ್ರತಿ ವರ್ಷದ ತೆರಿಗೆ ಪಟ್ಟಿ ಇದೆ. ಹುಡುಗ ಹೊಸದಾಗಿ ಪಟ್ಟಿಗೆ ಬಂದ ವರ್ಷದಿಂದ ಅವನ ವಯಸ್ಸನ್ನು, ಹೆಸರು ಮಾಯವಾದ ವರ್ಷದಿಂದ ಸಾವನ್ನೋ ವಲಸೆಯನ್ನೋ ಅಂದಾಜು ಮಾಡಬಹುದು.

7. ತಾರೀಖು, ಕೈಬರಹ, ನೆಂಟಸ್ತನದ ಹೆಸರು

ಬ್ರಿಟಿಷ್ ವಸಾಹತುಗಳಲ್ಲಿ 1752ರ ತನಕ ಹೊಸ ವರ್ಷ ಮಾರ್ಚ್ 25ಕ್ಕೆ ಶುರು. ಆ ವರ್ಷ ಕ್ಯಾಲೆಂಡರ್ ಬದಲಾಯಿಸಿದರು, ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14. ಜಾರ್ಜ್ ವಾಷಿಂಗ್ಟನ್ ಮನೆಯ ಬೈಬಲ್‌ನಲ್ಲಿ ಅವನು ಹುಟ್ಟಿದ್ದು ಫೆಬ್ರವರಿ 11, 1731/2, ಬೆಳಿಗ್ಗೆ ಸುಮಾರು 10 ಗಂಟೆಗೆ ಎಂದಿದೆ. ಹಳೇ ಲೆಕ್ಕದಲ್ಲಿ ಇನ್ನೂ 1731, ಹೊಸ ಲೆಕ್ಕದಲ್ಲಿ 1732. ನಾವು ಓದುವ ಪುಸ್ತಕಗಳಲ್ಲಿ ಅದು ಫೆಬ್ರವರಿ 22, 1732. ಹಾಗಾಗಿ ಮದುವೆ 1700ರ ಏಪ್ರಿಲ್‌ನಲ್ಲಿ, ಮಗು 1700ರ ಫೆಬ್ರವರಿಯಲ್ಲಿ ಎಂದು ಕಂಡರೆ ಗಾಬರಿ ಬೇಡ. ಆ ಫೆಬ್ರವರಿ ಏಪ್ರಿಲ್ ಆದ ಹತ್ತು ತಿಂಗಳ ಮೇಲೆ. ಕ್ವೇಕರರು ತಿಂಗಳ ಹೆಸರೇ ಬರೆಯುತ್ತಿರಲಿಲ್ಲ. ಅವರ ಮೊದಲ ತಿಂಗಳು ಆಗ ಮಾರ್ಚ್. ನೀವು ಬರೆದುಕೊಳ್ಳುವಾಗ ಇದ್ದದ್ದು ಇದ್ದ ಹಾಗೇ ಬರೆಯಿರಿ, ತಿದ್ದಲು ಹೋಗಬೇಡಿ.

ಕೈಬರಹ ಮೊದಲು ಬೆದರಿಸುತ್ತದೆ. ಒಂದೇ ಗುಮಾಸ್ತನ ನಾಲ್ಕು ಪುಟ ಓದಿದರೆ ಅವನ ಅಕ್ಷರ ಹಿಡಿತಕ್ಕೆ ಬರುತ್ತದೆ. ಜೋಡಿ ಎಸ್ ಅಕ್ಷರದಲ್ಲಿ ಮೊದಲನೆಯದು ಎಫ್ ಹಾಗೆ ಕಾಣುತ್ತದೆ, ಜೆಸ್ಸಿ ಎಂಬ ಹೆಸರು ಜೆಫ್ಸಿ ಆಗಿಬಿಡುತ್ತದೆ. ಜೆಎನ್‌ಒ ಎಂಬ ಮೂರಕ್ಷರ ಜಾನ್, ಜೊನಾಥನ್ ಅಲ್ಲ. ಪಾಲಿ ಎಂದರೆ ಮೇರಿ, ಪ್ಯಾಟ್ಸಿ ಎಂದರೆ ಮಾರ್ಥಾ, ನ್ಯಾನ್ಸಿ ಎಂದರೆ ಆನ್.

ಸಂಬಂಧಗಳಲ್ಲಿ ಇನ್ನೂ ಹುಷಾರಾಗಿರಬೇಕು. ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ದೊಡ್ಡವನು ಸೀನಿಯರ್, ಚಿಕ್ಕವನು ಜೂನಿಯರ್. ಅಪ್ಪ ಮಗ ಆಗಿರಬೇಕಿಲ್ಲ, ಚಿಕ್ಕಪ್ಪನೂ ಅಣ್ಣನ ಮಗನೂ ಆಗಿರಬಹುದು, ನೆಂಟರೇ ಅಲ್ಲದೆಯೂ ಇರಬಹುದು. ದೊಡ್ಡವನು ಸತ್ತ ದಿನ ಜೂನಿಯರ್ ಸೀನಿಯರ್ ಆಗುತ್ತಾನೆ. ಕಸಿನ್ ಎಂದಿದ್ದರೆ ಅಣ್ಣನ ಮಗನೋ ಅಕ್ಕನ ಮಗನೋ ಇರಬಹುದು. ಸನ್ ಇನ್ ಲಾ ಎಂದರೆ ಮಲಮಗನೂ ಹೌದು. ಅಪ್ಪ ಸತ್ತರೆ, ತಾಯಿ ಬದುಕಿದ್ದರೂ ಮಗು ಆರ್ಫನ್.

8. ಪಟ್ಟಿಯಲ್ಲಿ ಬೆಲೆ ಕಟ್ಟಿಸಿಕೊಂಡವರು

ಕುದುರೆ, ಹಾಸಿಗೆಯ ಪಟ್ಟಿಯಲ್ಲೇ ಮುಂದೆ ಮನುಷ್ಯರ ಹೆಸರೂ ಬರುತ್ತದೆ, ಬೆಲೆ ಸಮೇತ. ದಕ್ಷಿಣದಲ್ಲಿ ಮಾತ್ರ ಅಲ್ಲ, ಬಾಸ್ಟನ್ ನ್ಯೂಯಾರ್ಕ್‌ಗಳಲ್ಲೂ. ಆ ಹೆಸರುಗಳನ್ನು ಬಿಡದೆ ಬರೆದುಕೊಳ್ಳಿ. ಏಕೆಂದರೆ ಗುಲಾಮರಾಗಿದ್ದವರ ಮೊಮ್ಮಕ್ಕಳಿಗೆ 1870ಕ್ಕಿಂತ ಹಿಂದೆ ಹೋಗಲು ಇಂಥ ಕಾಗದವೇ ದಾರಿ. ಅವರಲ್ಲಿ ಹೆಚ್ಚಿನವರ ಹೆಸರು ಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. 1850 ಮತ್ತು 1860ರಲ್ಲಿ ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಮಾತ್ರ. ನಿಮ್ಮ ಅಳಿಯನೋ ಸೊಸೆಯೋ ಆ ಮನೆತನದವರಾದರೆ ಬಿಡುಗಡೆಯಾದ ಗುಲಾಮರ ನೆರವಿಗೆ ಸರ್ಕಾರ ತೆರೆದ ಫ್ರೀಡ್‌ಮೆನ್ಸ್ ಬ್ಯೂರೋದ ದಾಖಲೆ, 1865ರಿಂದ 1874ರ ತನಕ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕ ನೋಡಿ. ಖಾತೆ ತೆರೆದವರ ಅಪ್ಪ, ಅಮ್ಮ, ಒಡಹುಟ್ಟಿದವರ ಹೆಸರನ್ನು ಅಲ್ಲಿ ಕೇಳಿ ಬರೆದಿದ್ದಾರೆ. ಆಮೇಲೆ ಮಾಲೀಕನ ಹೆಸರು ಹಿಡಿದು ಅವನ ಮನೆತನದ ವಿಲ್ಲು, ಹಂಚಿಕೆ ಪತ್ರಗಳನ್ನು ಓದುತ್ತಾ ಹೋಗಬೇಕು.

9. ರೆಡಿಮೇಡ್ ವಂಶವೃಕ್ಷ ಮತ್ತು ಡಿಎನ್‌ಎ

ಇಂಟರ್ನೆಟ್‌ನಲ್ಲಿ ಸಿಗುವ ವೃಕ್ಷಗಳನ್ನು ಸುಳಿವಾಗಿ ಬಳಸಿ, ಸಾಕ್ಷಿಯಾಗಿ ಅಲ್ಲ. ನೂರು ಜನ ಒಂದೇ ಮಾತು ಬರೆದಿದ್ದರೆ ತೊಂಬತ್ತೊಂಬತ್ತು ಜನ ನಕಲು ಮಾಡಿರುತ್ತಾರೆ. ಮೊದಲು ಲೆಕ್ಕ ಹಾಕಿ. ತಾಯಿಗೆ 53 ಆದಾಗ ಮಗು ಹುಟ್ಟಿದೆಯೇ? ಒಂದೇ ತಿಂಗಳಲ್ಲಿ ಒಂದು ಮಗು ವರ್ಜೀನಿಯಾದಲ್ಲಿ, ಒಂದು ಮಗು ಬಾಸ್ಟನ್‌ನಲ್ಲಿ ಹುಟ್ಟಿದೆಯೇ? 1680ರ ಇಂಗ್ಲಿಷ್ ಮೂಲದವನಿಗೆ ನಡುಹೆಸರು ಇದೆಯೇ? ಆಗ ಅವರಲ್ಲಿ ನಡುಹೆಸರು ಬಲು ಅಪರೂಪ, ಯಾರೋ ಇಬ್ಬರನ್ನು ಬೆರೆಸಿದ್ದಾರೆ. ಮೂವರು ಅಣ್ಣತಮ್ಮಂದಿರು ಹಡಗಿನಲ್ಲಿ ಬಂದರು ಎಂಬ ಕಥೆಯೂ ಮನೆಮನೆಯಲ್ಲಿದೆ. ಅಚ್ಚಾದ ಪುಸ್ತಕ ಎಂದ ಮಾತ್ರಕ್ಕೆ ನಂಬಬೇಡಿ. 1942ರಲ್ಲಿ ತೀರಿಕೊಂಡ ಗುಸ್ತಾವ್ ಆಂಝೂ ಎಂಬವನು ಶ್ರೀಮಂತರಿಗೆ ಸುಳ್ಳು ವಂಶಾವಳಿ ಮಾಡಿ ಮಾರುವುದನ್ನೇ ಕಸುಬು ಮಾಡಿಕೊಂಡಿದ್ದ. ಅವು ಇವತ್ತಿಗೂ ಗ್ರಂಥಾಲಯಗಳಲ್ಲಿವೆ.

ನೆರವಿಗೆ ಬರುವವೂ ಇವೆ. 1890ರಲ್ಲಿ ಶುರುವಾದ ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್ ಸಂಘದ ತಾಣದಲ್ಲಿ ಯುದ್ಧಕಾಲದ ಹಿರಿಯರನ್ನು ಪುಕ್ಕಟೆ ಹುಡುಕಬಹುದು. ಆದರೆ ಅವರ ಹಳೇ ಅರ್ಜಿಗಳಿಗೆ ಈಗಿನಷ್ಟು ಕಟ್ಟುನಿಟ್ಟಿನ ಪರಿಶೀಲನೆ ಇರಲಿಲ್ಲ. ಮೇಫ್ಲವರ್ ವಿಷಯಕ್ಕಾದರೆ ಜನರಲ್ ಸೊಸೈಟಿ ಆಫ್ ಮೇಫ್ಲವರ್ ಡಿಸೆಂಡೆಂಟ್ಸ್ ಹಡಗಿನವರ ಮೊದಲ ಐದು ತಲೆಮಾರನ್ನು ಪರಿಶೀಲಿಸಿ ಪುಸ್ತಕ ಮಾಡಿದೆ, ಬೆಳ್ಳಿಬಣ್ಣದ ರಟ್ಟು. ನೀವು ನಿಮ್ಮ ಕಡೆಯಿಂದ ಆ ಐದನೇ ತಲೆಮಾರಿಗೆ ಕೊಂಡಿ ಹಾಕಿದರೆ ಸಾಕು. ಬೀಗರ ಮಾತು ನಿಜವೋ ಎಂದು ತಿಳಿಯಲು ಇದೇ ಹತ್ತಿರದ ದಾರಿ.

ಡಿಎನ್‌ಎ ಮೇಲೆ ಜಾಸ್ತಿ ಭರವಸೆ ಬೇಡ. ಹತ್ತು ತಲೆಮಾರು ಹಿಂದಕ್ಕೆ ಹೋದರೆ 1,024 ಹಿರಿಯರ ಸ್ಥಾನಗಳು. ಅವರಲ್ಲಿ ಎಷ್ಟೋ ಜನರ ಒಂದು ಚೂರೂ ನಮ್ಮ ರಕ್ತದಲ್ಲಿ ಉಳಿದಿರುವುದಿಲ್ಲ. ಅಪ್ಪನಿಂದ ಮಗನಿಗೆ ನೇರ ಬರುವ ವೈ ಡಿಎನ್‌ಎ ಪರೀಕ್ಷೆ ಮಾತ್ರ ಅಷ್ಟು ಹಿಂದಿನ ಕಾಲಕ್ಕೆ ನಿಜಕ್ಕೂ ಉಪಯೋಗ. ಒಂದೇ ಅಡ್ಡಹೆಸರಿನ ಎರಡು ಮನೆತನ ಒಂದೇ ಬುಡದವೋ ಅಲ್ಲವೋ ಎಂದು ಅದು ಹೇಳುತ್ತದೆ.

10. ಕಡಲಾಚೆ

ಇಂಗ್ಲೆಂಡಿನಲ್ಲಿ ಅದೇ ಹೆಸರಿನ ಒಬ್ಬನ ದೀಕ್ಷಾಸ್ನಾನ ಸಿಕ್ಕಿತು ಎಂದ ಕೂಡಲೇ ಅವನೇ ಎಂದು ಒಪ್ಪಬೇಡಿ. ಅವನು ಅಲ್ಲೇ ಮದುವೆಯಾಗಿ ಅಲ್ಲೇ ಸತ್ತಿರಬಹುದು, ಅದೇ ಚರ್ಚಿನ ಸಾವಿನ ಪುಸ್ತಕ ನೋಡಿ. ಅಮೆರಿಕದ ಕಡೆಯ ಯಾವುದಾದರೂ ಕಾಗದ ಅಲ್ಲಿನ ಊರಿನ ಹೆಸರು ಹೇಳಬೇಕು. ಇಂಗ್ಲೆಂಡಿನ ನೆಂಟರೊಬ್ಬರ ವಿಲ್ಲಿನಲ್ಲಿ ನ್ಯೂ ಇಂಗ್ಲೆಂಡಿನಲ್ಲಿರುವ ತಮ್ಮನಿಗೆ ಇಷ್ಟು ಪೌಂಡು ಎಂದಿದ್ದರೆ ಅದಕ್ಕಿಂತ ಗಟ್ಟಿ ಕೊಂಡಿ ಬೇಕಿಲ್ಲ. ಕ್ಯಾಂಟರ್ಬರಿಯ ವಿಲ್ಲು ನ್ಯಾಯಾಲಯದ ದಾಖಲೆ 1858ರ ತನಕದ್ದು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿದೆ, ಆನ್‌ಲೈನ್‌ನಲ್ಲೇ ಹುಡುಕಬಹುದು.

ಈ ಕೆಲಸವನ್ನು ಬೆಂಜಮಿನ್ ಫ್ರಾಂಕ್ಲಿನ್ ಸ್ವತಃ ಮಾಡಿದ್ದ. ಅವನ ಅಪ್ಪ ಜೋಸಾಯ 1683ರಲ್ಲಿ ಬಾಸ್ಟನ್‌ಗೆ ಬಂದವನು. 1758ರಲ್ಲಿ ಮಗನನ್ನು ಕರೆದುಕೊಂಡು ಫ್ರಾಂಕ್ಲಿನ್ ನಾರ್ತಾಂಪ್ಟನ್‌ಶೈರ್‌ನ ಎಕ್ಟನ್ ಎಂಬ ಹಳ್ಳಿಗೆ ಹೋದ. ಚರ್ಚಿನ ಪುಸ್ತಕ ತೆಗೆಸಿದ, ಸಮಾಧಿ ಕಲ್ಲು ಓದಿದ. 30 ಎಕರೆ ಜಮೀನು, ಕಮ್ಮಾರಿಕೆಯ ಕಸುಬು, ಹಿರಿಯ ಮಗನಿಗೆ ಅದೇ ಕಸುಬು ಎಂಬುದೆಲ್ಲ ಅವನ ಆತ್ಮಕಥೆಯಲ್ಲಿದೆ. ಐದು ತಲೆಮಾರಿನಿಂದ ತಾನು ಕಿರಿಯ ಮಗನ ಕಿರಿಯ ಮಗ ಎಂದು ಅವನಿಗೆ ಗೊತ್ತಾದದ್ದು ಆ ಪುಸ್ತಕದಿಂದ. ಅದು ಶುರುವಾಗುವುದು 1555ರಿಂದ. ಅದಕ್ಕೆ ಹಿಂದೆ ಆ ಚರ್ಚಿನಲ್ಲಿ ಪುಸ್ತಕ ಇಟ್ಟಿರಲೇ ಇಲ್ಲ ಎಂದೂ ಅವನೇ ಬರೆದಿದ್ದಾನೆ.

ಇಂಗ್ಲೆಂಡಿನ ಚರ್ಚುಗಳಿಗೆ ಇಂಥ ಪುಸ್ತಕ ಇಡಲು ಆದೇಶ ಬಂದದ್ದೇ 1538ರಲ್ಲಿ. 1642ರಿಂದ 1660ರ ತನಕ ಅಂತರ್ಯುದ್ಧದ ಗಲಾಟೆಯಲ್ಲಿ ಎಷ್ಟೋ ಕಡೆ ಬರವಣಿಗೆ ನಿಂತಿತ್ತು. ಮೂಲ ಪುಸ್ತಕ ಕಳೆದುಹೋಗಿದ್ದರೆ ವರ್ಷಕ್ಕೊಮ್ಮೆ ಬಿಷಪ್ಪನಿಗೆ ಕಳಿಸುತ್ತಿದ್ದ ನಕಲು ಆ ಕೌಂಟಿಯ ಪತ್ರಾಗಾರದಲ್ಲಿ ಸಿಗಬಹುದು. ಅಲ್ಲಿಗೂ ಇಮೇಲ್ ಬರೆಯುವಾಗ ಹೆಸರು, ಊರು, ವರ್ಷದ ಜೊತೆಗೆ ನಿಮ್ಮ ಕೈಯಲ್ಲಿರುವ ಅಮೆರಿಕದ ಕಾಗದದ ನಕಲನ್ನೂ ಲಗತ್ತಿಸಿ.